ಅಂಗೈಗೆ ಸಾರಿದಾತ

ಮಧುಗಿರಿಯ ನಮ್ಮ ಬೀದಿಯಲ್ಲಿ ತಮಟೆ ಬಡಿದು ಸುದ್ದಿ ಸಾರುತ್ತಿದ್ದಾತ ಪ್ರತಿಸಲವೂ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ. ಹುಟ್ಟಿನಿಂದ ಕಿವಿ ಕೇಳದ ನನ್ನಮ್ಮ ತಮಟೆಯ ಚರ್ಮಕ್ಕೆ ಅಂಗೈ ಒತ್ತುತ್ತಿದ್ದಳು. ಆತ ಮೆಲ್ಲಗೆ ಬಡಿದು, ಆಮೇಲೆ ಕೈಸನ್ನೆಯಲ್ಲಿ ಸುದ್ದಿ ಹೇಳುತ್ತಿದ್ದ. "ಸಾರಿದ್ಮೇಲೆ ಎಲ್ರಿಗೂ ಮುಟ್ಬೇಕು ಕಣಮ್ಮ" ಎನ್ನುತ್ತಿದ್ದ ನನಗೆ.

ಎಂಬತ್ತರ ದಶಕದಲ್ಲಿ ಮೈಕಿನ ಜೀಪು ಬಂತು, ಆತನ ಕೆಲಸ ಹೋಯಿತು. ಒಂದು ಬೆಳಿಗ್ಗೆ ಆ ಜೀಪು, ಕಿವುಡರ ಅಹವಾಲು ಕೇಳಲು ತಾಲ್ಲೂಕು ಕಚೇರಿಯಲ್ಲಿ ಸಭೆಯಿದೆ ಎಂದು ಕೂಗುತ್ತಾ ಹೋಯಿತು. ಅಮ್ಮ ಅಂಗಳದಲ್ಲಿ ರಾಗಿ ಕೇರುತ್ತಲೇ ಇದ್ದಳು. ಅವಳಿಗೆ ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಆತ, ತಮಟೆಯನ್ನು ಬೆಂಕಿಗೆ ಕಾಯಿಸಿಕೊಂಡೇ ಬಂದ. "ಕಿವುಡ್ರ ಸಭೇನ ಮೈಕ್ನಾಗೆ ಕೂಗ್ಬುಟ್ಟು ಹೋದ್ರಲ್ಲ! ನಿಮ್ಮವ್ವನ್ನ ಕರಿ ಕಣಮ್ಮ."

ಅಮ್ಮ ಅಂಗೈ ಇಟ್ಟಳು. ಪಕ್ಕದಲ್ಲಿ, ಮೊದಲ ಸಲ, ನಾನೂ ಇಟ್ಟೆ. ಚರ್ಮ ಇನ್ನೂ ಬೆಚ್ಚಗಿತ್ತು.