ಮಗ್ಗದ ಪಕ್ಕ ಕೂತ ಮಾಸ್ತರರು

ನಮ್ಮ ಮೊಮ್ಮಗಳು ಇತಿಹಾಸದ ಟೀಚರ್ ಆದಳು! ಮುಳಗುಂದದ ಶಾಲೆಯ ಆದೇಶ ಇವತ್ತೇ ಬಂತು. ಅದನ್ನು ಹಿಡಿದಾಗ ನನಗೆ ನೆನಪಾದದ್ದು ಬೆಟಗೇರಿಯ ನಮ್ಮ ಓಣಿಯಲ್ಲಿದ್ದ ಮಾಸ್ತರರು.

ಹತ್ತನೇ ಕ್ಲಾಸಿನಲ್ಲಿ ಇವಳು ಇತಿಹಾಸದಲ್ಲಿ ಫೇಲಾಗಿ ಪುಸ್ತಕ ಎಸೆದಿದ್ದಳು. ಮಾಸ್ತರರು ಬಂದು ನನ್ನ ಪಕ್ಕ ಕೂತು, ಮಗ್ಗದ ಕಟ್ಟಿಗೆಯನ್ನು ಬೆರಳಿನಿಂದ ಬಡಿದು, ಯಾವತ್ತಿನಂತೆ "ಮೊದ್ಲ ಕೇಳ್ರಿ" ಅಂದರು.

"ಅಣ್ಣಾರ, ಎಳಿ ಹರದ್ರ ಏನ್ ಮಾಡ್ತೀರಿ?"

"ಮಗ್ಗ ನಿಲ್ಲಿಸಿ ಗಂಟು ಹಾಕ್ತೀನ್ರಿ."

"ಇಂಗ್ಲೆಂಡಿನ ರಾಜಾ ನಿಲ್ಲಿಸ್ಲಿಲ್ಲ ನೋಡವಾ ತಂಗಿ. ಅಮೆರಿಕದ ಮಂದಿನ್ನ ಕೇಳಲಾರದ ಕರಾ ಹಾಕಿದಾ, ಒಂದು ಎಳಿ ಹರೀತು. ಅರ್ಜಿಗೆ ಕಿವಿ ಕೊಡ್ಲಿಲ್ಲ, ಇನ್ನೊಂದು. ಸಿಪಾಯಿಗಳನ್ನ ಕಳಿಸಿದಾ, ಮತ್ತೊಂದು. ಕಡೀಕ ಅವರು ಆ ಕರಾ ಹಾಕಿದ ಚಹಾ ಸಮುದ್ರಕ್ಕ ಚೆಲ್ಲಿ ಎದ್ದು ನಿಂತ್ರು."

ಅವತ್ತು ನನ್ನ ಮಗ್ಗದ ಮೇಲಿನ ನೀಲಿ ಸೀರೆ ಕಡಲಿನಂತೆ ಹರಡಿತ್ತು. ಇವಳು ಪುಸ್ತಕ ಎತ್ತಿಕೊಂಡಳು.

ಈ ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತು ಒಟ್ಟಿಗೇ ಮಾತಾಡುತ್ತಿದ್ದೆವು. ಮೊಮ್ಮಗಳು ಬೆರಳಿನಿಂದ ತಾಟು ಬಡಿದು, "ಮೊದ್ಲ ಕೇಳ್ರಿ!" ಅಂದಳು. ರೊಟ್ಟಿ ಕೈಯಲ್ಲೇ ಹಿಡಿದು ಎಲ್ಲರೂ ಕೇಳಿದೆವು.