ಹಾಳುಬಾವಿಯ ನಕಾಶೆ

ನಮ್ಮ ಹೊಲದ ನಕಾಶೆ ಬಟ್ಟೆಯದು. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಅಣ್ಣತಮ್ಮಂದಿರಿಂದ ಪಾಲು ತೆಗೆದುಕೊಂಡಾಗ ಅಳೆಸಿ ಬರೆಸಿದ್ದು. ಹಳದಿಗಟ್ಟಿದ ಬಟ್ಟೆಯ ನಾಲ್ಕು ಮೂಲೆಗೆ ಎಲ್ಲೆ ತೋರುವ ನಾಲ್ಕು ಬಾಂದಗಲ್ಲು, ಒಂದು ಬದಿಗೆ ಹಳ್ಳ, ನಡುವೆ ಒಂದು ಸಣ್ಣ ಸೊನ್ನೆ. ಆ ಸೊನ್ನೆ ಹಾಳುಬಾವಿ. ಅಪ್ಪ ಹುಟ್ಟುವ ಮೊದಲೇ ಅದನ್ನು ಮುಚ್ಚಿದ್ದರು. ಹೊಲದಲ್ಲಿ ನಿಂತು ನೋಡಿದರೆ ಬಾವಿಯ ಗುರುತೇ ಇರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ಆಳಂದ ತಾಲೂಕಿನ ನಮ್ಮ ಹಳ್ಳಿ ಅರ್ಧಕ್ಕರ್ಧ ಖಾಲಿಯಾಯಿತು. ನಾವೂ ನಿಜಾಮನ ರಾಜ್ಯದ ಗಡಿ ದಾಟಿ ಅಕ್ಕಲಕೋಟೆಯ ಕಡೆ ಹೊರಟೆವು. ಬಂಗಾರವನ್ನು ಬಂಡಿಯಲ್ಲಿ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ಅವ್ವ ತನ್ನ ಒಡವೆಗಳನ್ನೆಲ್ಲ ತಾಮ್ರದ ಕೊಡಕ್ಕೆ ಹಾಕಿದಳು. ಪಕ್ಕದ ಮನೆಯ ಕಾಕು ವಿಧವೆ. ಮಗಳ ಮದುವೆಗೆಂದು ಉಳಿಸಿಕೊಂಡಿದ್ದ ಬಂಗಾರದ ಗುಂಡುಗಳ ಬೋರಮಾಳ ಸರವನ್ನು ತಂದು ಮುತ್ಯಾನ ಕೈಗೆ ಕೊಟ್ಟು ಅತ್ತಳು. ಅದೂ ಕೊಡ ಸೇರಿತು. ಅವ್ವ ಹಳೆಯ ಸೀರೆಯ ಕೆಂಪು ಅಂಚು ಹರಿದು ಕೊಡದ ಬಾಯಿ ಕಟ್ಟಿದಳು.

ಮುತ್ಯಾ ಮಾತ್ರ ಬಂಡಿ ಹತ್ತಲಿಲ್ಲ. "ನೀವು ಹೋದ ಮ್ಯಾಲ ಹಾಳುಬಾವ್ಯಾಗ ಇಡ್ತೀನಿ. ಹುಸಿ ಮಣ್ಣದ, ಅಗದಿದ್ದು ಯಾರಿಗೂ ತಿಳಿಯಂಗಿಲ್ಲ" ಎಂದು ನಕಾಶೆಯನ್ನು ಅವ್ವನ ಉಡಿಗೆ ಹಾಕಿದರು. ಅವರ ಜೊತೆಗೆ ಉಳಿದವನು ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮುಸಲ್ಮಾನ. ನಾವು ಮಕ್ಕಳು ಅವನನ್ನು ಚಾಚಾ ಎನ್ನುತ್ತಿದ್ದೆವು.

ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಗಿ ನಾವು ತಿರುಗಿ ಬಂದಾಗ ಮುತ್ಯಾ ಇರಲಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ಹೋದರಂತೆ. ಊರಲ್ಲಿ ಉಳಿದವರು ಬಾಗಿಲು ತೆಗೆಯಲು ಹೆದರುತ್ತಿದ್ದ ದಿನಗಳವು. ಚಾಚಾ ಒಬ್ಬನೇ ಅವರನ್ನು ಬಂಡಿಯಲ್ಲಿ ಹೊಲಕ್ಕೆ ಒಯ್ದು ಮಣ್ಣು ಮಾಡಿದನಂತೆ. ಎಲ್ಲಿ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಚಾಚಾನನ್ನು ಕೇಳೋಣವೆಂದರೆ ಅವನ ಮನೆಯ ಬಾಗಿಲೇ ಮುರಿದು ಬಿದ್ದಿತ್ತು. ಕಾಲ ತಿರುಗಿತ್ತು, ಈಗ ಓಡಿಹೋಗುವ ಸರದಿ ಅವನಂಥ ಮುಸಲ್ಮಾನರದಾಗಿತ್ತು.

ಕಾಕು ನಮ್ಮ ಬಾಗಿಲಿಗೆ ಬಂದಳು. ಮಗಳಿಗೆ ಘತ್ತರಗಿಯ ಕಡೆ ಸಂಬಂಧ ಕೂಡಿ ಬಂದಿತ್ತು, ಸರ ಬೇಕಿತ್ತು. ಮೊದಲ ದಿನ ಮೆತ್ತಗೆ ಕೇಳಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೇಳಿದಳು.

"ಅಣ್ಣಾ, ಹಿರ್ಯಾರ ಮಾರಿ ನೋಡಿ ಕೊಟ್ಟಿದ್ನಿ. ಹಿರ್ಯಾರು ಹೋದ್ರು ಅಂತ ನನ್ನ ಬಂಗಾರನೂ ಹೋಯ್ತೇನು?"

ಅಪ್ಪ ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ನನಗೆ ಮೈ ಉರಿಯಿತು. ಆದರೆ ಓಣಿಯಲ್ಲಿ ನಮ್ಮನ್ನು ನೋಡುವ ಕಣ್ಣುಗಳು ಆಗಲೇ ಬೇರೆಯಾಗಿದ್ದವು. ಸರ ಸಿಗದಿದ್ದರೆ ಅಪ್ಪ ಆ ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ನಕಾಶೆ, ಹಗ್ಗ, ಕಬ್ಬಿಣದ ಸಲಾಕೆ, ಸಲಿಕೆ ಹಿಡಿದು ಹೊಲಕ್ಕೆ ಹೋದೆವು. ಕರೆಯದಿದ್ದರೂ ಕಾಕು ಹಿಂದೆ ಬಂದು ಬದುವಿನ ಮೇಲೆ ಕುಳಿತಳು. ಆ ವರ್ಷ ಬಿತ್ತಿರಲಿಲ್ಲ, ಸೊಂಟದೆತ್ತರ ಕಸ. ನಕಾಶೆಯಲ್ಲಿ ಹಳ್ಳದ ತಿರುವು ಸೊನ್ನೆಯ ಸಮೀಪ ಇತ್ತೆಂದು ಅಪ್ಪ ಹಳ್ಳದಿಂದ ಅಳೆದ. ಮಧ್ಯಾಹ್ನದವರೆಗೆ ಸಲಾಕೆ ಚುಚ್ಚಿದ್ದೇ ಚುಚ್ಚಿದ್ದು, ಸಿಕ್ಕದ್ದು ಬರೀ ಕಲ್ಲು. ಬದುವಿನ ಮೇಲಿಂದ ಕಾಕುವಿನ ನಿಟ್ಟುಸಿರು ನಮಗೆ ಕೇಳುವಷ್ಟು ಗಟ್ಟಿಯಾಗುತ್ತ ಹೋಯಿತು.

"ಹಳ್ಳ ಆಗ ಇದ್ದಲ್ಲೇ ಈಗೂ ಅದ ಅಂತ ಯಾರು ಹೇಳಿದ್ರಿ ನಿಮಗ?" ಎಂದಳು ಅವ್ವ. "ಮಹಾಪೂರಕ್ಕ ಎಷ್ಟು ಸಲ ಸರದದ. ಬಾಂದಗಲ್ಲು ಹಿಡದು ಅಳದು ನೋಡ್ರಿ."

ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಕುಬಸದ ಬಟ್ಟೆ ಕತ್ತರಿಸಿ ರೂಢಿ ಇತ್ತು. ನಕಾಶೆಯನ್ನು ತೊಡೆಯ ಮೇಲೆ ಹಾಸಿ, ಕಲ್ಲಿಗೆ ಕಲ್ಲು ಕೂಡಿಸಿ ಉದ್ದಕ್ಕೆ ಮಡಿಸಿದಳು. ಮಡಿಕೆ ಸೊನ್ನೆಯ ಮೇಲೆಯೇ ಹಾಯಿತು. ಅಡ್ಡಕ್ಕೆ ಮಡಿಸಿದಾಗ ಸೊನ್ನೆ ಮಡಿಕೆಗಿಂತ ಚೂರು ಕೆಳಗೆ ನಿಂತಿತು. ಬಂಡಿಯ ಹಗ್ಗ, ಬಾವಿಯ ಹಗ್ಗ ಎಲ್ಲ ಗಂಟು ಹಾಕಿ ಕಲ್ಲಿನಿಂದ ಕಲ್ಲಿಗೆ ಎಳೆದೆವು. ಆಮೇಲೆ ಹಗ್ಗವನ್ನೂ ಹಾಗೇ ಅರ್ಧಕ್ಕೆ ಮಡಿಸಿದೆವು. ಒಂದು ತುದಿ ನನ್ನ ಕೈಯಲ್ಲಿತ್ತು, ಬೆವರಿಗೆ ಜಾರುತ್ತಿತ್ತು.

ಅವ್ವ ತೋರಿಸಿದ ಕಡೆ ಸಲಾಕೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಹುಸಿ ಮಣ್ಣು, ಹಿಂದೆ ತೋಡಿ ತುಂಬಿದ ಸಡಿಲ ಮಣ್ಣು. ಅಪ್ಪ ಅವಸರದಿಂದ ಅಗೆಯತೊಡಗಿದ. ಮೊಣಕಾಲಿನ ಆಳಕ್ಕೆ ಹೋಗುವಷ್ಟರಲ್ಲಿ ಕರೀ ಮಣ್ಣಿನಲ್ಲಿ ಬಿಳಿ ಉಂಡೆಗಳು ಬಂದವು. ಅಪ್ಪ ಒಂದನ್ನು ಬೆರಳಲ್ಲಿ ತಿಕ್ಕಿ ನೋಡಿ, ಸಲಿಕೆ ಬಿಟ್ಟು ಕೈ ಮುಗಿದ. ಅದು ವಿಭೂತಿ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುವಾಗ ಸುತ್ತ ತುಂಬುವ ವಿಭೂತಿ. ಚಾಚಾ ಒಬ್ಬನೇ ಗಡಸು ಎರೆಮಣ್ಣಿನಲ್ಲಿ ಅಷ್ಟು ಆಳ ತೋಡಲಾರದೆ, ಮೆತ್ತಗಿನ ಜಾಗ ಹುಡುಕಿ ಮುತ್ಯಾನನ್ನು ಹಾಳುಬಾವಿಯಲ್ಲೇ ಕೂಡಿಸಿದ್ದ.

ಕಾಕು ಬದುವಿನಿಂದ ಇಳಿದು ಬಂದಳು.

"ಇಷ್ಟು ತೋಡಿದಾವ್ಗ ಕೊಡ ಸಿಗಲಾರದ ಇರ್ತದೇನು? ಅವನೇ ಒಯ್ದಾನ, ಅದಕ್ಕ ಊರು ಬಿಟ್ಟಾನ" ಎಂದಳು.

ನನಗೂ ಹಾಗೆಯೇ ಅನ್ನಿಸಿತು. ಅಪ್ಪನಿಗೂ ಅನ್ನಿಸಿರಬೇಕು, ಯಾಕೆಂದರೆ ಅವನು ಮಣ್ಣು ಮುಚ್ಚಲು ಶುರು ಮಾಡಿದ. "ಇಲ್ಲದ ಕೊಡಕ್ಕಾಗಿ ನಮ್ಮಪ್ಪನ ಸಮಾಧಿ ಕೆದರ್ಲೇನು?"

ಅವ್ವ ಅವನ ಕೈ ಹಿಡಿದಳು. "ಮಾತು ಕೊಟ್ಟಾವ್ರು ಅವ್ರು. ಅವ್ರಿಗೆ ತ್ರಾಸ ಆಗಲಾರದಂಗ ಮಗ್ಗಲಿಗೆ ನೋಡ್ರಿ. ಇಲ್ಲಂದ್ರ ಇಲ್ಲ."

ಅಪ್ಪ ಪಕ್ಕಕ್ಕೆ ಸರಿದು ಸಲಾಕೆಯನ್ನು ಓರೆಯಾಗಿ ಇಳಿಸಿದ. ಪ್ರತಿ ಸಲ ಚುಚ್ಚುವಾಗಲೂ ಮುತ್ಯಾನ ಮೈಗೆ ತಾಗೀತೆಂದು ನಾನು ಕಣ್ಣು ಮುಚ್ಚುತ್ತಿದ್ದೆ. ಒಮ್ಮೆ ಸಪ್ಪಳ ಬೇರೆ ಬಂತು. ಕಲ್ಲಿನ ಸಪ್ಪಳವಲ್ಲ, ಪೊಳ್ಳು ಸಪ್ಪಳ. ಅಪ್ಪ ಸಲಾಕೆ ಬಿಟ್ಟು ಕೈಯಿಂದಲೇ ಮಣ್ಣು ತೋಡಿದ. ಕೊಡದ ಬಾಯಿ ಕಂಡಿತು. ಅದಕ್ಕೆ ಕಟ್ಟಿದ್ದ ಬಟ್ಟೆ ಅವ್ವನ ಕೆಂಪು ಅಂಚಾಗಿರಲಿಲ್ಲ. ಚಾಚಾ ಉಡುತ್ತಿದ್ದಂಥ ಹಸಿರು ಚೌಕಳಿಯ ಲುಂಗಿಯ ತುಂಡಾಗಿತ್ತು.

"ಬಿಚ್ಯಾನ" ಎಂದ ಅಪ್ಪ. ಕಾಕು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು.

ಅವ್ವ ಗಂಟು ಬಿಚ್ಚಿ ಕೊಡದೊಳಗೆ ಕೈ ಹಾಕಿದಳು. ಮೇಲೆಯೇ ಒಂದು ಸಣ್ಣ ಗಂಟು, ಅದು ನಮ್ಮದಲ್ಲ. ಅದರ ಕೆಳಗೆ ಕಾಕುವಿನ ಬೋರಮಾಳ, ಅವ್ವನ ಒಡವೆಗಳು, ಎಲ್ಲ ಇಟ್ಟ ಹಾಗೆಯೇ ಇದ್ದವು. ಒಂದು ಗುಂಡೂ ಕಡಿಮೆಯಾಗಿರಲಿಲ್ಲ. ಕಾಕು ಸರವನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಆ ಸಣ್ಣ ಗಂಟನ್ನು ಬಿಚ್ಚಿದೆವು. ಚಾಚಾನ ಹೆಂಡತಿಯ ಬೆಳ್ಳಿ ಬಳೆಗಳಿದ್ದವು, ಅವನ ಮಗಳ ಕಾಲ್ಗೆಜ್ಜೆ ಇತ್ತು. ಆ ಗೆಜ್ಜೆಯ ಸಪ್ಪಳ ಕೇಳಿಯೇ ಅವಳು ಆಡಲು ಬಂದಳೆಂದು ನನಗೆ ತಿಳಿಯುತ್ತಿತ್ತು. ಸಮಾಧಿ ತೋಡಿದಾಗ ಇಟ್ಟನೋ, ತನ್ನ ಜೀವಕ್ಕೇ ಬಂದಾಗ ಓಡಿ ಬಂದು ಇಟ್ಟನೋ, ತಿಳಿಯದು. ತನ್ನದನ್ನೂ ಮುತ್ಯಾನ ಹತ್ತಿರ ಇಟ್ಟು ಹೋಗಿದ್ದ.

ಕಾಕು ತಲೆ ತಗ್ಗಿಸಿ ಕುಳಿತಿದ್ದಳು. ನನ್ನ ಮುಖಕ್ಕೂ ಯಾರೋ ಹೊಡೆದಂತಾಗಿತ್ತು.

"ಮನಿಗೆ ಒಯ್ದು ಇಡೂನು" ಎಂದಳು ಅವ್ವ.

"ಬ್ಯಾಡ. ಅಂವ ಬಂದ್ರ ಇಲ್ಲೇ ಹುಡುಕ್ತಾನ" ಎಂದ ಅಪ್ಪ. ಚಾಚಾನ ಗಂಟನ್ನಷ್ಟೇ ಕೊಡದಲ್ಲಿಟ್ಟು, ಅದೇ ಲುಂಗಿಯ ತುಂಡಿನಿಂದ ಬಾಯಿ ಕಟ್ಟಿ, ಮುತ್ಯಾನ ಪಕ್ಕಕ್ಕೆ ಇಟ್ಟು ಮಣ್ಣು ಎಳೆದ.

ಆ ಚಳಿಗಾಲದಲ್ಲಿ ಅಪ್ಪ ಚಾಚಾನನ್ನು ಹುಡುಕಿಕೊಂಡು ಅಫಜಲಪುರದ ಕಡೆ ಹೋದ, ಅವನ ಬೀಗರ ಊರೆಂದು ಜೇವರ್ಗಿಯ ಕಡೆಯೂ ಹೋದ. ಎಲ್ಲ ಕಡೆ ಜನ ತಲೆ ಅಲ್ಲಾಡಿಸಿದರು. ಅವನು ಬರಲಿಲ್ಲ. ಅವನ ಮಗಳು ಬದುಕಿದ್ದರೆ ಅವಳೂ ಈಗ ನನ್ನಂತೆ ಮುದುಕಿ. ಆ ಗೆಜ್ಜೆ ಅವಳ ಕಾಲಿಗೆ ಆಗುವುದಿಲ್ಲ.