ಭಾನುವಾರವೂ ಹಸಿಯುವ ತಟ್ಟೆ

ಬ್ರಿಸ್ಬೇನಿನ ನಮ್ಮ ಲ್ಯಾಬಿನಲ್ಲಿ ಲೊಸಲೀನ ಹತ್ತು ವರ್ಷದಿಂದ ಹೃದಯದ ತುಣುಕು ಬೆಳೆಸುತ್ತಿದ್ದಾಳೆ. ಕಾಂಡಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ, ಬೆಳೆದ ಆ ಸ್ನಾಯು ಗಾಜಿನ ತಟ್ಟೆಯಲ್ಲಿ ತಾನಾಗಿಯೇ ಮಿಡಿಯುತ್ತದೆ. ಅದಕ್ಕೆ ದಿನವೂ ಹೊಸ ಪೋಷಕ ದ್ರವ ಹಾಕಬೇಕು, ಭಾನುವಾರವೂ.

ಅವಳು ಪೆಸಿಫಿಕ್ ಸಾಗರದ ಟೋಂಗಾ ದ್ವೀಪದವಳು. ಅವರಲ್ಲಿ ಭಾನುವಾರ ಯಾರೂ ಕೆಲಸ ಮುಟ್ಟುವುದಿಲ್ಲ. ಅಪ್ಪ ಸೆಮಿಸಿ ಚರ್ಚಿಗೆ ಹೊರಟು ನಿಂತು ಬಾಗಿಲಲ್ಲೇ ಬಯ್ಯುತ್ತಿದ್ದರು.

"ದೇವರೇ ಒಂದಿನ ರಜಾ ತಗೊಂಡ. ನಿನ್ ತಟ್ಟೆಗೇನೇ ಅಷ್ಟು ದೊಡ್ಡಸ್ತಿಕೆ?"

"ಅವಕ್ಕೆ ವಾರ ಗೊತ್ತಾಗಲ್ಲಪ್ಪ."

ಮಾರ್ಚಿನಲ್ಲಿ ಸೆಮಿಸಿಯವರಿಗೆ ಹೃದಯಾಘಾತವಾಯಿತು. ಬದುಕಿಕೊಂಡರು, ಆದರೆ ಹೃದಯದ ಸ್ನಾಯು ಮೂರರಲ್ಲೊಂದು ಪಾಲು ಸತ್ತುಹೋಗಿತ್ತು. ಬಚ್ಚಲಿಗೆ ನಡೆದರೂ ಏದುಸಿರು.

ಚರ್ಚಿನ ಹೆಂಗಸರು ಬಂದು ಕೇಳಿದ್ದೇ ಕೇಳಿದ್ದು: "ನಿನ್ ಕೈಯಲ್ಲೇ ಇದೆಯಲ್ಲೇ, ಅಪ್ಪನಿಗೊಂದು ತುಂಡು ಹಚ್ಚಬಾರ್ದಾ?"

ನಾವು ಇನ್ನೂ ಕುರಿಗಳ ಹೃದಯಕ್ಕಷ್ಟೇ ಅದನ್ನು ಹೊಲಿದಿದ್ದೇವೆ. ಅವುಗಳಲ್ಲೂ ಕೆಲವು ಎದೆಬಡಿತ ತಾಳ ತಪ್ಪಿ ಸತ್ತವು. ಎಷ್ಟು ಸಲ ಬಿಡಿಸಿ ಹೇಳುವುದು? ನನಗೇ ರೇಗಿಹೋಗುತ್ತಿತ್ತು. ಲೊಸಲೀನ ಮಾತ್ರ ಕಳ್ಳಿಯ ಹಾಗೆ ತಲೆ ತಗ್ಗಿಸುತ್ತಿದ್ದಳು.

ಕಳೆದ ಭಾನುವಾರ ಎಂದಿನಂತೆ ಅವಳನ್ನು ಲ್ಯಾಬಿಗೆ ಕರೆದೊಯ್ಯಲು ಅವರ ಮನೆಗೆ ಹೋದೆ. ಅಪ್ಪನ ಮಂಚದ ಪಕ್ಕ ಕೂತು, ಊದಿದ ಅವರ ಪಾದ ನೀವುತ್ತಿದ್ದಳು.

"ಇವತ್ತು ನಾನು ಬರಲ್ಲ ಕಣೋ. ಸತ್ರೆ ಸಾಯ್ಲಿ ಅವು," ಎಂದಳು.

ದಿಂಬಿಗೊರಗಿದ್ದ ಸೆಮಿಸಿ ಕಾಲು ಎಳೆದುಕೊಂಡರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ ಗದರಿದರು:

"ಏಳೇ ಮೇಲೆ. ಹಸ್ಕೊಂಡಿರ್ತವೆ. ಅವಕ್ಕೆ... ವಾರ ಗೊತ್ತಾಗಲ್ಲ."